ನಿಮಗೆ ಹಿಸ್ಟರಿ ಇಲ್ಲ

2019ರ ಅಕ್ಟೋಬರ್. ಬೆಂಗಳೂರಿನಿಂದ ಸ್ಯಾನ್ ಹೋಸೆಗೆ ಬಂದು ಎರಡು ವಾರ ಆಗಿತ್ತು. ಸಂಬಳ ಹಾಕಿಸಿಕೊಳ್ಳೋಕೆ ಖಾತೆ ಬೇಕಲ್ಲ, ಮನೆ ಹತ್ತಿರದ ಬ್ಯಾಂಕಿಗೆ ಹೋದೆ. ಅರ್ಧ ಗಂಟೆಯಲ್ಲಿ ಖಾತೆ ತೆರೆದುಕೊಟ್ಟರು. ನನ್ನ ದುಡ್ಡು ಅವರ ಹತ್ತಿರ ಇಡುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ ನೋಡಿ! ಜೊತೆಗೆ ಒಂದು ಕ್ರೆಡಿಟ್ ಕಾರ್ಡಿಗೂ ಅರ್ಜಿ ಹಾಕಿಬಿಡಿ ಅಂತ ಟೈ ಕಟ್ಟಿದ ಹುಡುಗನೊಬ್ಬ ಹುರಿದುಂಬಿಸಿದ. ಹಾಕಿದೆ. ಹತ್ತು ದಿನಕ್ಕೆ ಕಾಗದ ಬಂತು. ಬಹಳ ವಿನಯದ ಕಾಗದ. ನಿಮ್ಮ ಅರ್ಜಿಯನ್ನು ಒಪ್ಪಲು ಆಗುತ್ತಿಲ್ಲ, ಕಾರಣ: ನಿಮಗೆ ಕ್ರೆಡಿಟ್ ಹಿಸ್ಟರಿ ಇಲ್ಲ.

ರೂಂಮೇಟಿಗೆ ತೋರಿಸಿದೆ. ಅವನು ತೆಲುಗು ಹುಡುಗ, ನನಗಿಂತ ಎರಡು ವರ್ಷ ಮೊದಲು ಬಂದವನು. ಬಿದ್ದು ಬಿದ್ದು ನಕ್ಕ. "ನೀನು ಇಲ್ಲಿ ಯಾರ ಹತ್ತಿರವೂ ಸಾಲ ಮಾಡಿಲ್ಲ, ಅದಕ್ಕೇ ನಿನಗೆ ಸಾಲ ಕೊಡಲ್ಲ" ಅಂದ. ಹಾಗಾದರೆ ಮೊದಲನೇ ಸಾಲ ಯಾರು ಕೊಡ್ತಾರೆ? ಅದಕ್ಕೂ ಅವನ ಬಳಿ ಉತ್ತರ ಇತ್ತು. ಬ್ಯಾಂಕಿಗೆ 500 ಡಾಲರ್ ಠೇವಣಿ ಕೊಡಬೇಕು, ಅವರು 500 ಡಾಲರ್ ಮಿತಿಯ ಕಾರ್ಡು ಕೊಡ್ತಾರೆ. ಅಂದರೆ ನನ್ನದೇ ದುಡ್ಡನ್ನು ಅವರ ಕೈಗೆ ಕೊಟ್ಟು, ಅದರ ಭದ್ರತೆಯ ಮೇಲೆ ಅವರಿಂದ ಸಾಲ ತಗೊಂಡು, ತಿಂಗಳು ತಿಂಗಳು ಸರಿಯಾಗಿ ತೀರಿಸಿ, ನಾನು ಒಳ್ಳೆಯ ಸಾಲಗಾರ ಅಂತ ತೋರಿಸಬೇಕು. ಇದಕ್ಕೆ ಸೆಕ್ಯೂರ್ಡ್ ಕಾರ್ಡ್ ಅಂತ ಹೆಸರು. ಇಂಜಿನಿಯರಿಂಗಿನಲ್ಲಿ ಇಂಥ ಸರ್ಕ್ಯೂಟು ಬರೆದಿದ್ದರೆ ನಮ್ಮ ಲೆಕ್ಚರರು ಸೊನ್ನೆ ಕೊಡುತ್ತಿದ್ದರು.

ನಮ್ಮದು ಬ್ರಹ್ಮಾವರದ ಹತ್ತಿರ, ಹೆದ್ದಾರಿ ಬದಿಯಲ್ಲಿ ಅಪ್ಪನ ಜಿನಸಿ ಅಂಗಡಿ. ಗಲ್ಲಾಪೆಟ್ಟಿಗೆಯ ಮೇಲೆ "ಇಂದು ನಗದು, ನಾಳೆ ಸಾಲ" ಅಂತ ಬೋರ್ಡು, ಅದರ ಕೆಳಗೇ ಉದ್ದನೆಯ ಸಾಲದ ಪುಸ್ತಕ! ಅಪ್ಪ ಊರಿಗೆಲ್ಲ ಸಾಲ ಕೊಟ್ಟವರು, ತಾವು ಮಾತ್ರ ಒಂದು ರೂಪಾಯಿ ಸಾಲ ಮಾಡಿದವರಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ನಮ್ಮ ಮನೆಯಲ್ಲಿ ಗಾದೆಯಲ್ಲ, ಸಂವಿಧಾನ. ಅಂಥ ಮನೆಯಿಂದ ಬಂದವನಿಗೆ ಸಾಲ ಮಾಡದೇ ಇರುವುದೇ ಅಪರಾಧ ಅಂತ ಗೊತ್ತಾದಾಗ ತಲೆ ಕೆಟ್ಟಿತು. ಈ ವ್ಯವಸ್ಥೆ ಯಾರು ಮಾಡಿದ್ದು, ಯಾವಾಗ ಮಾಡಿದ್ದು ಅಂತ ಹುಡುಕತೊಡಗಿದೆ. ನನಗೆ ಹಿಸ್ಟರಿ ಇಲ್ಲದಿದ್ದರೆ ಏನಂತೆ, ಕಾರ್ಡಿಗಾದರೂ ಇರಬೇಕಲ್ಲ?

ಸಾಲ ಕೊಡುವವನು ತೆಗೆದುಕೊಳ್ಳುವವನ ಜಾತಕ ನೋಡುವುದು ಹೊಸದೇನಲ್ಲ. ಅಪ್ಪನೂ ನೋಡುತ್ತಿದ್ದರು. ಆದರೆ ಅಪ್ಪನಿಗೆ ಪುಸ್ತಕದಲ್ಲಿರುವವರ ಮುಖ ಗೊತ್ತಿತ್ತು, ಯಾರ ಮಗಳ ಮದುವೆ ಯಾವಾಗ ಅನ್ನುವುದೂ ಗೊತ್ತಿತ್ತು. ಅಮೆರಿಕದಲ್ಲಿ ವ್ಯಾಪಾರ ಊರು ದಾಟಿ ಬೆಳೆದಾಗ ಮುಖದ ಪರಿಚಯ ಸಾಲದಾಯಿತು. 1841ರಲ್ಲಿ ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ ಲೂಯಿಸ್ ಟಪ್ಪನ್, ಯಾವ ವ್ಯಾಪಾರಿ ಎಷ್ಟು ನಂಬಿಗಸ್ಥ ಅನ್ನುವ ಮಾಹಿತಿಯನ್ನೇ ಮಾರುವ ಏಜೆನ್ಸಿ ತೆರೆದ. ಸಾಮಾನ್ಯ ಜನರ ಸರದಿ ಆಮೇಲೆ ಬಂತು. 1899ರಲ್ಲಿ ಅಟ್ಲಾಂಟಾದಲ್ಲಿ ರಿಟೇಲ್ ಕ್ರೆಡಿಟ್ ಕಂಪನಿ ಶುರುವಾಯಿತು. ಅದರ ಏಜೆಂಟರು ಮನುಷ್ಯ ಕುಡಿಯುತ್ತಾನಾ, ಸಂಸಾರ ಹೇಗಿದೆ, ನಡತೆ ಹೇಗೆ ಅಂತ ಅಕ್ಕಪಕ್ಕದವರನ್ನು ಕೇಳಿ ಫೈಲು ಮಾಡುತ್ತಿದ್ದರು. ಫೈಲಿನಲ್ಲಿ ಏನಿದೆ ಅಂತ ಕೇಳುವ ಕಾನೂನುಬದ್ಧ ಹಕ್ಕು ಆ ಮನುಷ್ಯನಿಗೆ ಸಿಕ್ಕಿದ್ದು 1970ರಲ್ಲಿ. ಐದು ವರ್ಷ ಕಳೆದು ಕಂಪನಿ ಹೆಸರು ಬದಲಾಯಿಸಿಕೊಂಡಿತು. ಈಗಿನ ಹೆಸರು ಈಕ್ವಿಫ್ಯಾಕ್ಸ್. 2017ರಲ್ಲಿ ಸುಮಾರು 14.7 ಕೋಟಿ ಜನರ ವಿವರ ಕಳ್ಳರ ಪಾಲಾಯಿತಲ್ಲ, ಅದೇ ಕಂಪನಿ.

ಕಾರ್ಡಿನ ಹುಟ್ಟಿನ ಬಗ್ಗೆ ಎಲ್ಲರೂ ಹೇಳುವ ಒಂದು ಕಥೆ ಇದೆ. ನ್ಯೂಯಾರ್ಕಿನ ಫ್ರಾಂಕ್ ಮೆಕ್‌ನಮಾರಾ 1949ರಲ್ಲಿ ಹೋಟೆಲಿಗೆ ಊಟಕ್ಕೆ ಹೋದ, ಬಿಲ್ಲು ಬಂದಾಗ ಪರ್ಸು ಇರಲಿಲ್ಲ, ಆ ಅವಮಾನದಲ್ಲಿ ಡೈನರ್ಸ್ ಕ್ಲಬ್ ಹುಟ್ಟಿತು ಅಂತ. ಪ್ರಚಾರಕ್ಕಾಗಿ ಸಾಕಷ್ಟು ಮಸಾಲೆ ಅರೆದು ಮಾಡಿದ ಕಥೆ ಇದು ಅಂತ ಇತಿಹಾಸ ಬರೆದವರು ಹೇಳುತ್ತಾರೆ, ಬಿಡಿ. 1950ರಲ್ಲಿ ಕಾರ್ಡಂತೂ ಬಂತು. ಆದರೆ ಅದು ರಟ್ಟಿನ ಕಾರ್ಡು, ತಿಂಗಳ ಕೊನೆಗೆ ಪೂರ್ತಿ ಬಾಕಿ ಕಟ್ಟಬೇಕಿತ್ತು. ನಮ್ಮ ಅಂಗಡಿಯ ಸಾಲದ ಪುಸ್ತಕಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. "ಪೂರ್ತಿ ಕಟ್ಟಬೇಡಿ, ಸ್ವಲ್ಪ ಕಟ್ಟಿ, ಉಳಿದದ್ದಕ್ಕೆ ಬಡ್ಡಿ ಕೊಡಿ" ಅಂತ ಒಂದು ಬ್ಯಾಂಕು ಊರಿಗೆ ಊರನ್ನೇ ಕರೆದದ್ದು ಬೇರೆ ಕಡೆ, ನಾನಿರುವ ಜಾಗದಿಂದ ಮೂರು ಗಂಟೆಯೊಳಗಿನ ದಾರಿಯಲ್ಲಿ.

ಆ ಊರು ಫ್ರೆಸ್ನೋ. 2023ರ ಬೇಸಿಗೆಯಲ್ಲಿ ಗೆಳೆಯರ ಜೊತೆ ಸಿಕೋಯಾ ಮರಗಳನ್ನು ನೋಡೋಕೆ ಹೋಗುವಾಗ ಪೆಟ್ರೋಲ್ ಹಾಕಿಸೋಕೆ ಅಲ್ಲಿ ನಿಲ್ಲಿಸಿದ್ವಿ. ಕೆಂಡದಂಥ ಬಿಸಿಲು, ಕಣ್ಣು ಹಾಯುವವರೆಗೆ ದ್ರಾಕ್ಷಿ ತೋಟ. ಅಮೆರಿಕದ ಒಣದ್ರಾಕ್ಷಿ ಎಲ್ಲ ಈ ಕಡೆಯದ್ದೇ. ಹೋಗುವಾಗ ದಾರಿಯುದ್ದಕ್ಕೂ ನಾನು ಕಥೆ ಹೇಳಿ ಹೇಳಿ ಗೆಳೆಯರ ತಲೆ ತಿಂದೆ. ಈಗ ನಿಮ್ಮ ಸರದಿ.

ಬ್ಯಾಂಕ್ ಆಫ್ ಅಮೆರಿಕ ಶುರುವಾದದ್ದು 1904ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಬ್ಯಾಂಕ್ ಆಫ್ ಇಟಲಿ ಅನ್ನುವ ಹೆಸರಿನಿಂದ. ಮಾಡಿದವರು ಎ.ಪಿ. ಜಿಯಾನಿನಿ, ಇಟಲಿಯಿಂದ ವಲಸೆ ಬಂದವರ ಮಗ. ದೊಡ್ಡ ಬ್ಯಾಂಕುಗಳು ಒಳಗೇ ಬಿಟ್ಟುಕೊಳ್ಳದ ಮೀನುಗಾರರು, ತರಕಾರಿ ಮಾರುವವರು, ಕೂಲಿಗಳು ಇವರ ಗಿರಾಕಿಗಳು. 1906ರ ಭೂಕಂಪ, ಬೆಂಕಿಯಲ್ಲಿ ಊರೇ ಸುಟ್ಟುಹೋದಾಗ ಜಿಯಾನಿನಿ ದಕ್ಕೆಯ ಹತ್ತಿರ ಎರಡು ಪೀಪಾಯಿಗಳ ಮೇಲೆ ಹಲಗೆ ಇಟ್ಟು ಅದನ್ನೇ ಬ್ಯಾಂಕು ಮಾಡಿಕೊಂಡರು. ಕಾಗದ ಪತ್ರ ಎಲ್ಲ ಸುಟ್ಟುಹೋಗಿದ್ದ ಜನರಿಗೆ ಮುಖ ನೋಡಿ, ಕೈ ಕುಲುಕಿ ಸಾಲ ಕೊಟ್ಟರು. ಕೊಟ್ಟದ್ದೆಲ್ಲ ಮರಳಿ ಬಂತು ಅಂತ ಪ್ರತೀತಿ. ಹಿಸ್ಟರಿ ಇಲ್ಲದ ವಲಸಿಗರಿಗೆ ಸಾಲ ಕೊಟ್ಟೇ ಬೆಳೆದ ಬ್ಯಾಂಕುಗಳಿದ್ದ ಊರಿನ ಪಕ್ಕದಲ್ಲಿ ಕೂತು ನಾನು ಆ ಕಾಗದ ಓದುತ್ತಿದ್ದೆ ಅನ್ನುವುದು ನೆನಪಾದರೆ ಈಗಲೂ ನಗು ಬರತ್ತೆ.

ಜಿಯಾನಿನಿ 1949ರಲ್ಲಿ ತೀರಿಕೊಂಡರು. ಒಂಬತ್ತು ವರ್ಷದ ನಂತರ ಅದೇ ಬ್ಯಾಂಕಿನ ಜೋಸೆಫ್ ವಿಲಿಯಮ್ಸ್ ಎಂಬ ಅಧಿಕಾರಿ ಒಂದು ಪ್ರಯೋಗ ಮಾಡಿದ. ಕಾರ್ಡು ಓಡಬೇಕಾದರೆ ಅಂಗಡಿಯವರು ಒಪ್ಪಬೇಕು. ಗಿರಾಕಿಗಳ ಹತ್ತಿರ ಕಾರ್ಡು ಇಲ್ಲದೆ ಅಂಗಡಿಯವರು ಒಪ್ಪುವುದಿಲ್ಲ. ಅಂಗಡಿಗಳಲ್ಲಿ ನಡೆಯದ ಕಾರ್ಡನ್ನು ಗಿರಾಕಿಗಳು ತಗೊಳ್ಳುವುದಿಲ್ಲ. ಕೋಳಿ ಮೊದಲೋ ಮೊಟ್ಟೆ ಮೊದಲೋ? ವಿಲಿಯಮ್ಸ್ ಗಿರಾಕಿಗಳನ್ನು ಕೇಳುವ ಗೋಜಿಗೇ ಹೋಗಲಿಲ್ಲ. 1958ರ ಸೆಪ್ಟೆಂಬರ್ 18ರಂದು ಫ್ರೆಸ್ನೋದ ಸುಮಾರು 60,000 ಜನರಿಗೆ ಅಂಚೆಯಲ್ಲಿ ಕಾರ್ಡು ಕಳಿಸಿಯೇ ಬಿಟ್ಟ. ಅರ್ಜಿ ಇಲ್ಲ, ಸಹಿ ಇಲ್ಲ, ಕೇಳಿದವರೂ ಇಲ್ಲ. ಬೆಳಿಗ್ಗೆ ಅಂಚೆಪೆಟ್ಟಿಗೆ ತೆರೆದರೆ ಒಳಗೆ 300ರಿಂದ 500 ಡಾಲರ್ ಸಾಲ ಕಾಯ್ತಾ ಕೂತಿದೆ! ಕಾರ್ಡಿನ ಹೆಸರು ಬ್ಯಾಂಕ್‌ಅಮೆರಿಕಾರ್ಡ್. ಬಾಕಿ ಉಳಿಸಿಕೊಂಡರೆ ವರ್ಷಕ್ಕೆ ಶೇಕಡಾ 18 ಬಡ್ಡಿ. ಅಂಗಡಿಯವನಿಂದ ಮಾರಾಟದ ಮೇಲೆ ಶೇಕಡಾ 6.

ಫ್ರೆಸ್ನೋವನ್ನೇ ಆರಿಸಿದ್ದಕ್ಕೂ ಕಾರಣ ಇತ್ತು. ಅಲ್ಲಿನ ಕುಟುಂಬಗಳಲ್ಲಿ ಶೇಕಡಾ 45ರಷ್ಟು ಆಗಲೇ ಆ ಬ್ಯಾಂಕಿನ ಗಿರಾಕಿಗಳು, ಮತ್ತು ಪ್ರಯೋಗ ತೋಪಾದರೆ ದೂರದ ಒಣದ್ರಾಕ್ಷಿ ಊರಿನ ಸುದ್ದಿ ಯಾರ ಕಿವಿಗೂ ಬೀಳುವುದಿಲ್ಲ. ನಾವು ಸಾಫ್ಟ್‌ವೇರಿನವರು ಹೊಸ ಕೋಡನ್ನು ಮೊದಲು ಟೆಸ್ಟ್ ಸರ್ವರ್‌ನಲ್ಲಿ ಓಡಿಸ್ತೀವಲ್ಲ, ಅದೇ. ವ್ಯತ್ಯಾಸ ಏನಪ್ಪಾ ಅಂದ್ರೆ ಅವರು ಟೆಸ್ಟಿನ ಫಲಿತಾಂಶ ಬರುವವರೆಗೂ ಕಾಯಲಿಲ್ಲ. ಬೇರೆ ಬ್ಯಾಂಕು ಮುಂದೆ ಹೋದೀತು ಅನ್ನುವ ಹೆದರಿಕೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್ ಅಂತ ನುಗ್ಗಿದರು. 13 ತಿಂಗಳಲ್ಲಿ ಕ್ಯಾಲಿಫೋರ್ನಿಯಾ ತುಂಬ 20 ಲಕ್ಷ ಕಾರ್ಡು.

ಬಾಕಿ ಕಟ್ಟದವರು ಶೇಕಡಾ 4 ಇರಬಹುದು ಅಂತ ಅವರ ಅಂದಾಜು. ಆದದ್ದು ಶೇಕಡಾ 22. ಅಂಚೆಪೆಟ್ಟಿಗೆಯಿಂದಲೇ ಕಾರ್ಡು ಕದ್ದವರು ಬೇರೆ. ವಸೂಲಿಗೆ ಅಂತ ಒಂದು ಸರಿಯಾದ ವಿಭಾಗವನ್ನೂ ಬ್ಯಾಂಕು ಮೊದಲು ಮಾಡಿರಲಿಲ್ಲ! ಎಲ್ಲರೂ ತಾವಾಗಿ ಬಂದು ಕಟ್ಟುತ್ತಾರೆ ಅಂದುಕೊಂಡಿದ್ದರು. ನಷ್ಟ 88 ಲಕ್ಷ ಡಾಲರ್ ಅಂತ ಒಪ್ಪಿಕೊಂಡರು, ಜಾಹೀರಾತು ಇತ್ಯಾದಿ ಸೇರಿಸಿದರೆ ಅದು 2 ಕೋಟಿಯ ಹತ್ತಿರ. ವಿಲಿಯಮ್ಸ್ 1959ರಲ್ಲಿ ಹೊರಬಿದ್ದ. ಬ್ಯಾಂಕು ಮಾತ್ರ ಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ ಕಾರ್ಡು ಲಾಭಕ್ಕೆ ತಿರುಗಿತು, ಆ ಸುದ್ದಿಯನ್ನು ಬೇರೆಯವರಿಗೆ ಗೊತ್ತಾಗದಂತೆ ಮುಚ್ಚಿಟ್ಟುಕೊಂಡರು. ಅದೇ ಬ್ಯಾಂಕ್‌ಅಮೆರಿಕಾರ್ಡ್ 1976ರಲ್ಲಿ ವೀಸಾ ಅಂತ ಹೆಸರು ಬದಲಾಯಿಸಿಕೊಂಡಿತು. ನಿಮ್ಮ ಪರ್ಸಿನಲ್ಲೂ ಒಂದು ಇರಬಹುದು, ನೋಡಿಕೊಳ್ಳಿ.

ಇಲ್ಲಿ ನನಗೆ ಮನೆ ನೆನಪಾಯಿತು. ಫ್ರೆಸ್ನೋಗಿಂತ 30 ವರ್ಷ ಮೊದಲು, ನಮ್ಮ ಉಡುಪಿಯಲ್ಲಿ ಇನ್ನೊಂದು ಬ್ಯಾಂಕು ಜನರ ಬಾಗಿಲಿಗೆ ಹೋಗಿತ್ತು. ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಈ ಮೂವರು 1925ರಲ್ಲಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರುಮಾಡಿದರು. ಆಗ ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಹಣ ಒದಗಿಸುವುದು ಉದ್ದೇಶ. 1928ರಲ್ಲಿ ಪಿಗ್ಮಿ ಅನ್ನುವ ಯೋಜನೆ ತಂದರು. ಬ್ಯಾಂಕಿನ ಏಜೆಂಟು ದಿನಾ ನಿಮ್ಮ ಬಾಗಿಲಿಗೆ ಬರುತ್ತಾನೆ, ಎರಡಾಣೆ ಕೊಟ್ಟರೂ ತಗೊಂಡು ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಾನೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ಮೀನು ಮಾರುವ ಹೆಂಗಸು, ಬೀಡಿ ಅಂಗಡಿಯವನು, ಎಲ್ಲರೂ ಪಿಗ್ಮಿ ಕಟ್ಟಿದರು. ಮುಂದೆ ಅದು ಸಿಂಡಿಕೇಟ್ ಬ್ಯಾಂಕ್ ಆಯಿತು, 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಬೋರ್ಡು ಬದಲಾದರೂ ಅಪ್ಪನ ಬಾಯಲ್ಲಿ ಅದು ಈಗಲೂ ಸಿಂಡಿಕೇಟೇ.

ನಮ್ಮ ಅಂಗಡಿಗೆ ಸಂಜೆ ಐದೂವರೆಗೆ ಪಿಗ್ಮಿಯವರು ಬರುತ್ತಿದ್ದರು. ನಾನು ಹುಟ್ಟುವ ಮೊದಲಿನಿಂದ ಅದೇ ಮನುಷ್ಯ. ಮಳೆ ಇರಲಿ, ಕೋಲ ಇರಲಿ, ಬರೋದೇ. ಪಿಗ್ಮಿಯಲ್ಲಿ ಬಡ್ಡಿ ಕಡಿಮೆ, ಅವಧಿಗೆ ಮೊದಲು ಮುರಿದರೆ ಅದೂ ಖೋತಾ. ಇದನ್ನೆಲ್ಲ ಲೆಕ್ಕ ಹಾಕಿ, ಇದರ ಬದಲು ಮ್ಯೂಚುವಲ್ ಫಂಡಿಗೆ ಹಾಕಿ ಅಂತ ನಾನೇ ಅಪ್ಪನಿಗೆ ಉಪದೇಶ ಮಾಡಿದ್ದೂ ಇದೆ. ಈಗ ಅನ್ನಿಸೋದು, ಅದೂ ಒಂದು ಹಿಸ್ಟರಿಯೇ. ಅಂಗಡಿ ದಿನಾ ತೆರೆಯುತ್ತದಾ, ಗಲ್ಲಾದಲ್ಲಿ ಸಂಜೆಗೆ ದುಡ್ಡು ಉಳಿಯುತ್ತದಾ ಅಂತ ಬ್ಯಾಂಕಿಗೆ ಗೊತ್ತಾಗುತ್ತಿತ್ತು, ಪಿಗ್ಮಿಯ ಮೇಲೆ ಸಾಲವನ್ನೂ ಕೊಡುತ್ತಿದ್ದರು. ಉಳಿಸುವುದನ್ನು ನೋಡಿ ನಂಬುವ ಪದ್ಧತಿ ಅದು. ಇಲ್ಲಿನದ್ದು ಸಾಲ ಮಾಡುವುದನ್ನು ನೋಡಿ ನಂಬುವ ಪದ್ಧತಿ.

ಸರಿ, ವಾಪಸ್ ಅಮೆರಿಕಕ್ಕೆ. 1966ರ ಕ್ರಿಸ್‌ಮಸ್ ಹೊತ್ತಿಗೆ ಶಿಕಾಗೋದ ಬ್ಯಾಂಕುಗಳು ಪೈಪೋಟಿಯ ಮೇಲೆ ಸುಮಾರು 50 ಲಕ್ಷ ಕಾರ್ಡುಗಳನ್ನು ಅಂಚೆಗೆ ಹಾಕಿದವು. ಒಂದೇ ಮನೆಗೆ ಹತ್ತು ಹದಿನೈದು ಕಾರ್ಡು. ಮಕ್ಕಳ ಹೆಸರಿಗೆ, ಸತ್ತವರ ಹೆಸರಿಗೆ, ಕೊನೆಗೆ ನಾಯಿ ಹೆಸರಿಗೂ! ಕಳ್ಳರಿಗೆ ಸುಗ್ಗಿ. ತಾನು ನೋಡೇ ಇಲ್ಲದ ಕಾರ್ಡಿನ ಬಿಲ್ಲು ಬಂದಾಗ ಜನ ಬೊಬ್ಬೆ ಹೊಡೆದರು. 1970ರಲ್ಲಿ ಅಮೆರಿಕದ ಕಾಂಗ್ರೆಸ್ ಎರಡು ಕೆಲಸ ಮಾಡಿತು. ಕೇಳದೇ ಕಾರ್ಡು ಕಳಿಸುವಂತಿಲ್ಲ, ಮತ್ತು ಕಳುವಾದ ಕಾರ್ಡಿನಿಂದ ಯಾರು ಎಷ್ಟೇ ಖರ್ಚು ಮಾಡಿದರೂ ಕಾರ್ಡಿನ ಯಜಮಾನ 50 ಡಾಲರಿಗಿಂತ ಹೆಚ್ಚು ಹೊರಬೇಕಿಲ್ಲ. 1974ರಲ್ಲಿ ಇನ್ನೆರಡು ಕಾನೂನು ಬಂದವು. ತಪ್ಪು ಬಿಲ್ಲಿನ ಬಗ್ಗೆ ತಕರಾರು ಮಾಡುವ ಹಕ್ಕು ಒಂದು. ಇನ್ನೊಂದು, ಹೆಂಗಸು ಅನ್ನುವ ಕಾರಣಕ್ಕೆ ಸಾಲ ನಿರಾಕರಿಸುವಂತಿಲ್ಲ ಅನ್ನುವುದು. ಅಲ್ಲಿಯವರೆಗೆ ಕೆಲಸದಲ್ಲಿದ್ದ ಹೆಂಗಸಿಗೂ ಎಷ್ಟೋ ಕಡೆ ಗಂಡನ ಸಹಿ ಬೇಕಿತ್ತು. ಎರಡು ವರ್ಷದಲ್ಲಿ ಇದಕ್ಕೆ ಜನಾಂಗ, ಮೂಲ ದೇಶ ಇತ್ಯಾದಿಯೂ ಸೇರಿತು. ಸಾಲ ಕೊಡದಿದ್ದರೆ ಯಾಕೆ ಕೊಡಲಿಲ್ಲ ಅಂತ ತಿಳಿಸಬೇಕು ಅನ್ನುವುದೂ ಇದೇ ಕಾನೂನಿನಲ್ಲಿದೆ. ಅಂದರೆ ನನ್ನನ್ನು ಅಷ್ಟು ಉರಿಸಿದ ಆ ವಿನಯದ ಕಾಗದ ಬಂದದ್ದು ಹಿಂದೆ ಯಾರೋ ಹೋರಾಡಿದ್ದರ ಫಲ. ಇದು ತಿಳಿದ ಮೇಲೆ ಆ ಕಾಗದದ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

ಈ 50 ಡಾಲರ್ ಕಾನೂನಿನ ಬೆಲೆ ನನಗೆ ಗೊತ್ತಾದದ್ದು 2020ರಲ್ಲಿ. ಯಾವುದೋ ಪೆಟ್ರೋಲ್ ಬಂಕಿನಲ್ಲಿ ನನ್ನ ಕಾರ್ಡಿನ ನಂಬರು ಕದ್ದು, ನಾನು ಕಾಲೇ ಇಡದ ಊರಿನಲ್ಲಿ 380 ಡಾಲರ್ ಖರ್ಚು ಮಾಡಿದ್ದರು. ಫೋನ್ ಮಾಡಿದೆ, ಐದು ನಿಮಿಷದಲ್ಲಿ ಬಿಲ್ಲಿನಿಂದ ತೆಗೆದರು, ಒಂದು ಪೈಸೆ ಹೋಗಲಿಲ್ಲ. ಅದೇ ವರ್ಷ ರೂಂಮೇಟಿಗೂ ಹೀಗೇ ಆಯಿತು, ಆದರೆ ಅವನದ್ದು ಡೆಬಿಟ್ ಕಾರ್ಡು. ಅವನ ಖಾತೆಯ ದುಡ್ಡೇ ಹೋಯಿತು, ಬಾಡಿಗೆ ಚೆಕ್ಕು ಬೌನ್ಸ್ ಆಯಿತು, ವಾಪಸ್ ಬರೋಕೆ ಹತ್ತು ದಿನ ಬೇಕಾಯಿತು. ಡೆಬಿಟ್ ಕಾರ್ಡಿಗೆ ಇರುವುದು 1978ರ ಬೇರೆ ಕಾನೂನು. ಕಳುವಾದದ್ದು ಗೊತ್ತಾಗಿ ಎರಡು ದಿನದೊಳಗೆ ಹೇಳಿದರೆ 50 ಡಾಲರ್, ತಡವಾದರೆ 500ರವರೆಗೆ, ಸ್ಟೇಟ್‌ಮೆಂಟ್ ಬಂದು 60 ದಿನ ದಾಟಿದರೆ ಮಿತಿಯೇ ಇಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕಳ್ಳ ಕದಿಯೋದು ಬ್ಯಾಂಕಿನ ದುಡ್ಡು, ಡೆಬಿಟ್‌ನಲ್ಲಿ ನಿಮ್ಮದು. ಹೊಸದಾಗಿ ಇಲ್ಲಿಗೆ ಬರುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಹಾಗಾದರೆ ಬಡ್ಡಿ ಶೇಕಡಾ 18ರಿಂದ 24ಕ್ಕೆ, ಅದಕ್ಕೂ ಮೇಲಕ್ಕೆ ಹೋದದ್ದು ಹೇಗೆ? ಇದು ನನಗೆ ಎಲ್ಲಕ್ಕಿಂತ ಆಶ್ಚರ್ಯ ಅನ್ನಿಸಿದ ಭಾಗ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಬಡ್ಡಿಗೆ ಮಿತಿ ಇತ್ತು. ಮಿನೆಸೋಟಾದಲ್ಲಿ ಶೇಕಡಾ 12. ನೆಬ್ರಾಸ್ಕಾದಲ್ಲಿ 18. ನೆಬ್ರಾಸ್ಕಾದ ಒಮಾಹಾ ಊರಿನ ಬ್ಯಾಂಕೊಂದು ಮಿನೆಸೋಟಾದವರಿಗೆ ಕಾರ್ಡು ಕೊಟ್ಟು 18 ವಸೂಲು ಮಾಡಿತು. ಅಲ್ಲಿನ ಮಾರ್ಕೆಟ್ ನ್ಯಾಷನಲ್ ಬ್ಯಾಂಕ್ ಕೋರ್ಟಿಗೆ ಹೋಯಿತು. 1978ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು: 1864ರ ಬ್ಯಾಂಕಿಂಗ್ ಕಾನೂನಿನ ಪ್ರಕಾರ ರಾಷ್ಟ್ರೀಯ ಬ್ಯಾಂಕು ತಾನಿರುವ ರಾಜ್ಯದ ಬಡ್ಡಿ ಹಾಕಬಹುದು, ಗಿರಾಕಿ ಎಲ್ಲೇ ಇರಲಿ. ಲಿಂಕನ್ ಕಾಲದ ಕಾನೂನು, ಪ್ಲಾಸ್ಟಿಕ್ ಕಾರ್ಡಿಗೆ!

ಆಗ ಹಣದುಬ್ಬರ ಜೋರಾಗಿತ್ತು. 1980ರ ಕೊನೆಗೆ ಬ್ಯಾಂಕುಗಳ ಪ್ರೈಮ್ ರೇಟೇ ಶೇಕಡಾ 21.5 ಮುಟ್ಟಿತ್ತು. ನ್ಯೂಯಾರ್ಕಿನ ಬಡ್ಡಿ ಮಿತಿಯಲ್ಲಿ ಸಿಟಿಬ್ಯಾಂಕಿಗೆ ಕಾರ್ಡಿನ ವ್ಯವಹಾರ ನಷ್ಟದ ಬಾಬತ್ತು. ಬೇರೆ ರಾಜ್ಯಕ್ಕೆ ಹೋಗಬೇಕಾದರೆ ಆ ರಾಜ್ಯ ಕರೆಯಬೇಕು ಅನ್ನುವ ನಿಯಮ ಬೇರೆ. ದಕ್ಷಿಣ ಡಕೋಟಾದ ಗವರ್ನರ್ ಬಿಲ್ ಜಾಂಕ್ಲೋಗೆ ಉದ್ಯೋಗ ಬೇಕಿತ್ತು, ಅವರ ರಾಜ್ಯ ಬಡ್ಡಿಯ ಮಿತಿಯನ್ನೇ ತೆಗೆದುಹಾಕಿತು. 1981ರಲ್ಲಿ ಸಿಟಿಬ್ಯಾಂಕಿನ ಕಾರ್ಡು ವಿಭಾಗ ನ್ಯೂಯಾರ್ಕ್ ಬಿಟ್ಟು ಸೂ ಫಾಲ್ಸ್ ಅನ್ನುವ ಊರಿಗೆ ಹೋಯಿತು. ಅದೇ ವರ್ಷ ಡೆಲವೇರ್ ಕೂಡ ಬಾಗಿಲು ತೆರೆಯಿತು. ಕಾರ್ಡಿನ ಲಕೋಟೆ ಬಂದಾಗ ವಿಳಾಸ ನೋಡಿ, ಸೂ ಫಾಲ್ಸ್ ಅಥವಾ ವಿಲ್ಮಿಂಗ್ಟನ್ ಅಂತ ಎಷ್ಟೋ ಸಲ ಇರುತ್ತದೆ. ನೀವು ಕ್ಯಾಲಿಫೋರ್ನಿಯಾದಲ್ಲಿ ದೋಸೆ ತಿಂದರೂ ಬಡ್ಡಿ ಮಾತ್ರ ಡಕೋಟಾದ ಲೆಕ್ಕ.

ಇನ್ನು ಸ್ಕೋರು. ಬಿಲ್ ಫೇರ್ ಅನ್ನುವ ಇಂಜಿನಿಯರ್, ಅರ್ಲ್ ಐಸಾಕ್ ಅನ್ನುವ ಗಣಿತಜ್ಞ 1956ರಲ್ಲಿ ಕಂಪನಿ ಮಾಡಿದರು. ಅಧಿಕಾರಿಯ ಮೂಗಿನ ನೇರಕ್ಕೆ ಸಾಲ ಕೊಡುವ ಬದಲು ಅಂಕಿಗಳಿಂದ ತೀರ್ಮಾನಿಸಬಹುದು ಅನ್ನುವುದು ಅವರ ವಾದ. 1989ರಲ್ಲಿ ಈಗ ನಾವೆಲ್ಲ ಹೆದರುವ ಫೈಕೋ ಸ್ಕೋರ್ ಬಂತು, 300ರಿಂದ 850. ಸಮಯಕ್ಕೆ ಕಟ್ಟಿದ್ದಕ್ಕೆ ಶೇಕಡಾ 35 ತೂಕ, ಎಷ್ಟು ಬಾಕಿ ಇದೆ ಅನ್ನುವುದಕ್ಕೆ 30, ಎಷ್ಟು ವರ್ಷದಿಂದ ಸಾಲಗಾರ ಅನ್ನುವುದಕ್ಕೆ 15, ಉಳಿದದ್ದು ಚಿಲ್ಲರೆ. ಸಂಬಳ ಎಷ್ಟು, ಖಾತೆಯಲ್ಲಿ ಎಷ್ಟು ಉಳಿಸಿದ್ದೀರಿ ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಪಕ್ಕದ ಮನೆಯವರ ಚಾಡಿಗಿಂತ ಇದು ಎಷ್ಟೋ ವಾಸಿ, ಒಪ್ಪುತ್ತೇನೆ. ಬಣ್ಣ ನೋಡುವುದಿಲ್ಲ, ಹೆಸರು ನೋಡುವುದಿಲ್ಲ. ಆದರೆ ಅಪ್ಪನಂಥವರು ಅದರ ಕಣ್ಣಿಗೇ ಬೀಳುವುದಿಲ್ಲ.

ಇಷ್ಟೆಲ್ಲ ಓದಿಕೊಂಡ ನಾನು ಹುಷಾರಾಗಿದ್ದೆ ಅಂದುಕೊಂಡಿರಾ?

2021ರ ಮೇ ತಿಂಗಳು. ಎರಡನೇ ಅಲೆ. ಅಪ್ಪನಿಗೆ ಕೋವಿಡ್ ಆಗಿ ಆಸ್ಪತ್ರೆ ಸೇರಿದರು. ಭಾರತಕ್ಕೆ ಹೋದರೆ ವೀಸಾದವರು ಮರಳಿ ಬರದಂತೆ ಇಲ್ಲಿನ ಸರಕಾರ ನಿರ್ಬಂಧ ಹಾಕಿತ್ತು. ಹೋಗುವ ಹಾಗಿಲ್ಲ, ದುಡ್ಡು ಮಾತ್ರ ಕಳಿಸಬಹುದು. ಖಾತೆಯಲ್ಲಿದ್ದದ್ದನ್ನೆಲ್ಲ ಕಳಿಸಿದೆ. ಆಮೇಲೆ ಮೂರು ತಿಂಗಳು ನನ್ನ ಸಂಬಳವೂ ಅಲ್ಲಿಗೇ ಹೋಯಿತು, ಇಲ್ಲಿ ಬಾಡಿಗೆ ಬಿಟ್ಟು ಉಳಿದ ಎಲ್ಲ ಖರ್ಚು ಕಾರ್ಡಿನ ಮೇಲೆ. ಅಷ್ಟರಲ್ಲಿ ನನಗೆ ಹಿಸ್ಟರಿ ಬಂದಿತ್ತಲ್ಲ, ಮಿತಿಯನ್ನು ಅವರೇ ಏರಿಸಿದ್ದರು. ಬಾಕಿ 4,000 ಡಾಲರ್ ಮುಟ್ಟಿತು, ಬಡ್ಡಿ ಶೇಕಡಾ 24. ನಾನು ಮಿನಿಮಮ್ ಮಾತ್ರ ಕಟ್ಟುತ್ತಾ ಬಂದೆ. 120 ಡಾಲರ್ ಚಿಲ್ಲರೆ, ಅಷ್ಟೇ ತಾನೇ ಅಂತ.

ಬಿಲ್ಲಿನಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಮಿನಿಮಮ್ ಮಾತ್ರ ಕಟ್ಟಿದರೆ ಎಷ್ಟು ವರ್ಷ ಬೇಕು, ಒಟ್ಟು ಎಷ್ಟು ಕಟ್ಟಿದಂತಾಗುತ್ತದೆ ಅಂತ ಬ್ಯಾಂಕು ತಾನೇ ಬರೆದು ತೋರಿಸಬೇಕು. ಇದು 2009ರ ಮೇನಲ್ಲಿ ಒಬಾಮ ಸಹಿ ಹಾಕಿದ ಕಾರ್ಡ್ ಕಾಯ್ದೆಯ ನಿಯಮ. ನಾಲ್ಕು ತಿಂಗಳು ನಾನು ಅದನ್ನು ನೋಡಿಯೇ ಇರಲಿಲ್ಲ. ನೋಡಿದ ದಿನ ನಂಬಿಕೆ ಬರದೆ ಕೂತು ಲೆಕ್ಕ ಹಾಕಿದೆ, ಹತ್ತು ಸಾಲಿನ ಪ್ರೋಗ್ರಾಂ ಸಾಕು. ತಿಂಗಳ ಬಡ್ಡಿ ಶೇಕಡಾ 2, ಮಿನಿಮಮ್ ಅಂದರೆ ಆ ಬಡ್ಡಿ ಮತ್ತು ಅಸಲಿನ ಶೇಕಡಾ 1, ಕೊನೆಗೆ 35 ಡಾಲರಿಗಿಂತ ಕಡಿಮೆ ಇಲ್ಲ. ಬಂದ ಉತ್ತರ: ಸುಮಾರು 15 ವರ್ಷ, ಒಟ್ಟು 10,400 ಡಾಲರ್. ಅದೇ ತಿಂಗಳಿಗೆ 157 ಡಾಲರ್ ಕಟ್ಟಿದರೆ ಮೂರು ವರ್ಷ, ಒಟ್ಟು 5,650. ತಿಂಗಳಿಗೆ 37 ಡಾಲರ್ ಉಳಿಸಿದೆ ಅಂದುಕೊಂಡು ನಾನು ಹನ್ನೆರಡು ವರ್ಷದ ಸಾಲ ಕೊಂಡಿದ್ದೆ. ಕಾಲೇಜಿನಲ್ಲಿ ಗಣಿತಕ್ಕೆ ನನಗೆ 97 ಬಂದಿತ್ತು.

ಆವತ್ತಿನಿಂದ ಹೊರಗೆ ಊಟ ಬಂದ್, ಚಿತ್ರಾನ್ನವೇ ಗತಿ. 2022ರ ಫೆಬ್ರವರಿಯಲ್ಲಿ ಬೋನಸ್ ಬಂದ ದಿನ ಪೂರ್ತಿ ತೀರಿಸಿದೆ. ಅಷ್ಟರಲ್ಲಿ ಸುಮಾರು 600 ಡಾಲರ್ ಬಡ್ಡಿ ಹೋಗಿತ್ತು. ಸ್ಕೋರ್ ಮಾತ್ರ ಏರಿತ್ತು!

ನಿರ್ಬಂಧ ತೆಗೆದ ಮೇಲೆ, ಸಾಲ ಇನ್ನೂ ತೀರಿರದ ಆ ಡಿಸೆಂಬರ್‌ನಲ್ಲೇ ಊರಿಗೆ ಹೋಗಿದ್ದೆ. ಅಪ್ಪ ಇಳಿದುಹೋಗಿದ್ದರು, ಆದರೂ ಅಂಗಡಿಯಲ್ಲಿ ಕೂತಿದ್ದರು. ಅಮ್ಮ ಅಡಿಗೆಮನೆಯಲ್ಲಿ ನಿಧಾನಕ್ಕೆ ಹೇಳಿದಳು, ಆಸ್ಪತ್ರೆಯವರು ಅಡ್ವಾನ್ಸ್ ಕೇಳಿದ ರಾತ್ರಿ ನನ್ನ ದುಡ್ಡು ಇನ್ನೂ ಬಂದಿರಲಿಲ್ಲ ಅಂತ. ಡಾಲರು ದಾಟಿ ಬರೋಕೆ ಎರಡು ದಿನ ಹಿಡಿದಿತ್ತು. ಪಿಗ್ಮಿಯವರಿಗೆ ಫೋನ್ ಮಾಡಿದ್ದಳಂತೆ. ಮಾರನೇ ದಿನ ಬೆಳಿಗ್ಗೆ ಲಾಕ್‌ಡೌನಿನಲ್ಲಿ ಅವರೇ ಬ್ಯಾಂಕಿಗೆ ಓಡಾಡಿ, ಪಿಗ್ಮಿ ಮುರಿಸಿ ದುಡ್ಡು ತಂದುಕೊಟ್ಟರಂತೆ. ನಾನು ಮ್ಯೂಚುವಲ್ ಫಂಡಿಗೆ ಹಾಕಿ ಅಂದಿದ್ದ ಅದೇ ಪಿಗ್ಮಿ.

ಕಾರ್ಡಿನ ವಿಷಯ ಅಪ್ಪನಿಗೆ ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ.

"ಬಡ್ಡಿ ಎಷ್ಟಾ?" ಅಂದರು.

"ಇಪ್ಪತ್ನಾಲ್ಕು."

"ವರ್ಷಕ್ಕಾ?"

"ಹೌದಪ್ಪಾ."

"ಮಾರಾಯ, ಇಲ್ಲಿ ಮೀಟರ್ ಬಡ್ಡಿಯವರನ್ನು ಪೊಲೀಸರು ಹಿಡೀತಾರೆ. ಅಲ್ಲಿ ಎಂತ, ಪಾಯಿಂಟ್ ಕೊಡ್ತಾರಾ?"

ಪಾಯಿಂಟ್ ಕೊಡ್ತಾರೆ ಅನ್ನುವುದು ನಿಜವೇ. ವಿಮಾನದ ಟಿಕೆಟ್ಟಿನಲ್ಲಿ ನೂರು ಡಾಲರ್ ಪಾಯಿಂಟಿನಿಂದಲೇ ಉಳಿದಿತ್ತು. ಅದು ಎಲ್ಲಿಂದ ಬರುತ್ತದೆ ಅಂದರೆ, ಫ್ರೆಸ್ನೋದಲ್ಲಿ ಶೇಕಡಾ 6 ಇದ್ದ ಅಂಗಡಿಯವನ ಪಾಲು ಈಗ 2ರಿಂದ 3 ಆಗಿದೆ, ಅಂಗಡಿಯವನು ಅದನ್ನು ಸಾಮಾನಿನ ಬೆಲೆಗೆ ಸೇರಿಸುತ್ತಾನೆ, ನಗದು ಕೊಡುವ ಬಡವನೂ ಅದನ್ನು ಹೊರುತ್ತಾನೆ. ಅದರಲ್ಲಿ ಒಂದು ಚೂರು ನನಗೆ ಪಾಯಿಂಟ್. ಅಪ್ಪನ ಅಂಗಡಿಯಲ್ಲಿ ಯುಪಿಐ ಪಟ್ಟಿ ಅಂಟಿಸಿದ್ದಾರೆ, 2020ರಿಂದ ಅದಕ್ಕೆ ಅಂಗಡಿಯವನಿಂದ ಶುಲ್ಕವಿಲ್ಲ. ಶೇಕಡಾ 3 ಕೊಡಬೇಕು ಅಂದರೆ ಅಪ್ಪ ಆ ಪಟ್ಟಿಯನ್ನು ಕಿತ್ತು ಹೆದ್ದಾರಿಗೆ ಎಸೆಯುತ್ತಾರೆ.

ನಮ್ಮಲ್ಲೂ ಕಾರ್ಡು ಬಂದು ಕಾಲವಾಯಿತು, ಸೆಂಟ್ರಲ್ ಬ್ಯಾಂಕ್ 1980ರಲ್ಲೇ ತಂದಿತ್ತು. ಕೇಳದೇ ಕಾರ್ಡು ಕೊಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರ ನಿರ್ದೇಶನದಲ್ಲೂ ಬರೆಯಬೇಕಾಯಿತು ಅಂದರೆ ಶಿಕಾಗೋದ ಕಥೆ ಇನ್ನೂ ಮುಗಿದಿಲ್ಲ ಅಂತ ಅರ್ಥ. ಕಳೆದ ಸಲ ಊರಿಗೆ ಹೋದಾಗ ಅಪ್ಪನ ಮೊಬೈಲಿಗೆ ಒಬ್ಬಳು ಹುಡುಗಿ ಫೋನ್ ಮಾಡಿ, ಸರ್ ನಿಮಗೆ ಲೈಫ್‌ಟೈಮ್ ಫ್ರೀ ಕಾರ್ಡ್ ಇದೆ ಅಂದಳು. ಕುತೂಹಲಕ್ಕೆ ನಾನೇ ಅಪ್ಪನ ಸಿಬಿಲ್ ಸ್ಕೋರ್ ತೆಗೆದು ನೋಡಿದೆ. 300ರಿಂದ 900ರ ನಡುವೆ ಯಾವುದೋ ಅಂಕಿ ಬರಬೇಕಾದ ಕಡೆ "ಎನ್‌ಎಚ್" ಅಂತ ಎರಡೇ ಅಕ್ಷರ ಬಂತು. ನಲವತ್ತು ವರ್ಷ ಅಂಗಡಿ ನಡೆಸಿದವರು, ಊರಿನ ಅರ್ಧ ಜನರ ಲೆಕ್ಕ ಬರೆದವರು. ನೋ ಹಿಸ್ಟರಿ.

ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದರು.

"ಎನ್‌ಎಚ್ ಅಂದ್ರೆ ನಮ್ಮ ಅಂಗಡಿ ಎದುರಿಗಿನ ರೋಡಲ್ವನಾ?" ಅಂದರು. ಅಷ್ಟರಲ್ಲಿ ಪಿಗ್ಮಿಯವರು ಬಂದರು. ಗಂಟೆ ಐದೂವರೆ ಆಗಿತ್ತು.